ದಿಂಬಿನ ಮೇಲಿನ ಕಾಲು

ಅತ್ತೆಯನ್ನು ಬೀದಿಯವರೆಲ್ಲ ಹೆಡ್‌ಸಿಸ್ಟರ್ ಎಂದೇ ಕರೆಯುತ್ತಿದ್ದರು. ಅವರು ಆಸ್ಪತ್ರೆ ಬಿಟ್ಟರೂ ವಾರ್ಡು ಅವರನ್ನು ಬಿಟ್ಟಿರಲಿಲ್ಲ. ಡಾಕ್ಟರು ಬರುವ ಹೊತ್ತಿಗೆ ರೋಗಿ ಮಲಗಿರಬೇಕು, ಹೊದಿಕೆಯಲ್ಲಿ ಒಂದು ಸುಕ್ಕೂ ಇರಬಾರದು ಎಂಬ ಪಾಠ ಮೈಗೂಡಿಹೋಗಿತ್ತು.

ಸೊಸೆಗೆ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸ, ದಿನವಿಡೀ ನಿಂತೇ ಇರಬೇಕು. ಸಂಜೆ ಕುಂಟುತ್ತ ಬಂದು, "ಮಂಡಿ ಹಿಂದೆ ನೀಲಿ ಗಂಟು ಏಳುತ್ತೆ ಅತ್ತೆ, ನೋವು ತಡೆಯೋಕಾಗಲ್ಲ" ಎನ್ನುತ್ತಿದ್ದಳು. ಅತ್ತೆಯೇನು ಕಲ್ಲುಮನಸ್ಸಿನವರಲ್ಲ. "ಮೊದಲು ಮಲಕ್ಕೋ" ಎಂದು ಮಲಗಿಸಿ, ಕಾಲ ಕೆಳಗೆ ದಿಂಬಿನ ಮೇಲೆ ದಿಂಬು ಏರಿಸಿ, ಬಿಸಿನೀರು ಕುಡಿಸಿ, ಆಮೇಲೆ ಕನ್ನಡಕ ಹುಡುಕಿ ತಂದು ನೋಡುತ್ತಿದ್ದರು. ಗಂಟೂ ಇಲ್ಲ, ಗಿಂಟೂ ಇಲ್ಲ!

ತಮಗೆ ಗೊತ್ತಿದ್ದ ಡಾಕ್ಟರುಗಳಿಗೂ ಹೀಗೆಯೇ ಮಲಗಿಸಿ ತೋರಿಸಿದರು. ಅವರೂ ಏನಿಲ್ಲವೆಂದರು. "ಮೈಗಳ್ಳತನಕ್ಕೆ ಔಷಧಿ ಇನ್ನೂ ಬಂದಿಲ್ಲ ಕಣೋ" ಎಂದು ಮಗನಿಗೆ, ಸೊಸೆಗೆ ಕೇಳುವಂತೆಯೇ, ಹೇಳಿದರು. ಕೊನೆಗೆ ರಕ್ತನಾಳದ ಡಾಕ್ಟರ ಹತ್ತಿರ ಹೊರಟಾಗ ಕರಾರೂ ಆಯಿತು: ಅಲ್ಲೂ ಏನಿಲ್ಲ ಎಂದರೆ ಮನೆಯಲ್ಲಿ ಇನ್ನು ಕಾಲಿನ ಸುದ್ದಿ ಎತ್ತುವಂತಿಲ್ಲ. ಸೊಸೆ ತಲೆಯಾಡಿಸಿದಳು. ವಾದ ಮಾಡಿ ಸಾಕಾಗಿತ್ತು.

ಅಲ್ಲಿ ಡಾಕ್ಟರಮ್ಮ ಬರುವುದು ತಡವಾಯಿತು. ಅತ್ತೆ ಸುಮ್ಮನಿರುತ್ತಾರೆಯೇ? ಸೊಸೆಯನ್ನು ಮಂಚದ ಮೇಲೆ ಮಲಗಿಸಿ, ತಾವು ತಂದಿದ್ದ ಎರಡೂ ಕೈಚೀಲಗಳನ್ನು ಹಿಮ್ಮಡಿಯಡಿ ಪೇರಿಸಿ, ಸೆರಗು ಸರಿಮಾಡಿಕೊಂಡು ನಿಂತರು.

ಡಾಕ್ಟರಮ್ಮ ಒಳಗೆ ಬಂದವರೇ, "ಎದ್ದು ನಿಂತ್ಕೊಳ್ಳಮ್ಮ" ಎಂದರು.

"ರೋಗಿ ನಿಂತಿದ್ರೆ ನೋಡೋದು ಹೇಗೆ?" ಅತ್ತೆಗೆ ರೇಗಿತು.

"ಇದು ನಿಂತ್ರೇನೇ ಕಾಣೋದು. ಮಲಗಿದ್ರೆ ಅಲ್ಲಿ ತುಂಬಿರೋ ರಕ್ತ ಹರಿದುಹೋಗಿ ಗಂಟು ಅಡಗಿಬಿಡುತ್ತೆ."

ಸೊಸೆ ನಿಂತಳು. ನೋಡನೋಡುತ್ತಿದ್ದಂತೆ ಮಂಡಿಯ ಹಿಂದೆ ನೀಲಿ ಗಂಟು ಮೆಲ್ಲಗೆ ಉಬ್ಬಿತು. ನಿಲ್ಲಿಸಿಯೇ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ, ಹುಟ್ಟುವಾಗಲೇ ಅಭಿಧಮನಿಗಳು ಅಡ್ಡಾದಿಡ್ಡಿ ಹೆಣೆದುಕೊಂಡಿವೆ, ಬಿಗಿ ಕಾಲುಚೀಲ ಹಾಕಬೇಕು, ಆಮೇಲೆ ಇಂಜೆಕ್ಷನ್ ಕೊಟ್ಟು ಗಂಟು ಕುಗ್ಗಿಸಬಹುದು ಎಂದರು. ಗೋಡೆ ಹಿಡಿದು ನಿಂತಿದ್ದ ಸೊಸೆ ಗಳಗಳನೆ ಅತ್ತಳು. ರೋಗ ಇದೆ ಎಂದು ಕೇಳಿ ಅಷ್ಟು ಖುಷಿಪಟ್ಟವರನ್ನು ಅತ್ತೆ ಯಾವ ವಾರ್ಡಿನಲ್ಲೂ ಕಂಡಿರಲಿಲ್ಲ.

"ನೋವು ಬಂದಾಗ ಮನೇಲಿ ಏನು ಮಾಡ್ತಿದ್ರಿ?" ಡಾಕ್ಟರಮ್ಮ ಕೇಳಿದರು.

"ಅತ್ತೆ ದಿನಾ ಮಲಗಿಸಿ, ದಿಂಬಿನ ಮೇಲೆ ಕಾಲಿಡಿಸ್ತಾರೆ."

"ಭೇಷ್! ಅದೇ ಸರಿಯಾದ ಆರೈಕೆ. ಇಂಥ ಅತ್ತೆ ಸಿಗೋದು ಪುಣ್ಯ."

ಅತ್ತೆಗೆ ಕೆನ್ನೆಗೆ ಬಾರಿಸಿದಂತಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಗಳಿದರೆ ಏನು ಮಾಡುವುದು? ಇಲ್ಲವೆಂದು ತಾವು ಸಾಧಿಸಿದ ರೋಗಕ್ಕೆ ಇಷ್ಟು ದಿನ ಚಿಕಿತ್ಸೆ ಕೊಟ್ಟವರೂ ತಾವೇ, ಅದನ್ನು ಕಣ್ಣಿಗೆ ಬೀಳದಂತೆ ಮಾಡಿದವರೂ ತಾವೇ. ದಾರಿಯಲ್ಲಿ ಸೊಸೆ ಕರಾರಿನ ಸುದ್ದಿ ಎತ್ತಲಿಲ್ಲ, ಅದು ಇನ್ನೂ ಚುಚ್ಚಿತು.

ಮರುದಿನ ಸಂಜೆ ಸೊಸೆ ಕೆಲಸದಿಂದ ಬಂದು ಅಭ್ಯಾಸದಂತೆ ಮಂಚದ ಕಡೆ ನಡೆದಳು. ಅತ್ತೆ ದಿಂಬು ಎತ್ತಿಕೊಂಡವರು ಅಲ್ಲೇ ನಿಂತರು.

"ಒಂದು ಗಳಿಗೆ ನಿಂತ್ಕೋಮ್ಮ. ಮೊದಲು ನೋಡ್ತೀನಿ" ಎಂದು, ತಮ್ಮ ಮಂಡಿನೋವನ್ನೂ ಲೆಕ್ಕಿಸದೆ, ಸೊಸೆಯ ಹಿಂದೆ ನೆಲದ ಮೇಲೆ ಕುಳಿತರು.