ಹಣೆಗಿಟ್ಟ ಹೆಸರು

೧೯೯೯ರ ಮೇ ತಿಂಗಳ ಕೊನೆಯ ಹತ್ತು ದಿನ ಹಗರೆಯ ಪ್ರಾಥಮಿಕ ಶಾಲೆಯಲ್ಲಿ ಅಂಗವಿಕಲರ ಬೇಸಿಗೆ ಶಿಬಿರ ನಡೆಯಿತು. ನಾನು ಬೇಲೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹಾಜರಿ ಬರೆಯುವುದು, ಅರ್ಜಿ ತುಂಬುವುದು, ಅಕ್ಷರ ಬಾರದವರಿಗೆ ಹೆಸರು ಬರೆಯಲು ಕಲಿಸುವುದು ನನ್ನ ಕೆಲಸ.

ಮೈಸೂರಿನಲ್ಲಿ ಸಮಾಜಶಾಸ್ತ್ರದ ಎಂ.ಎ. ಮುಗಿಸಿದ್ದೆ. ಮದುವೆಯಾಗಿ ಬಾಣಾವರದಲ್ಲಿ ಮೂರು ವರ್ಷ ಇದ್ದೆ. ನನ್ನ ಗಂಡ ನಟರಾಜ್ ಅಲ್ಲಿ ಹೈಸ್ಕೂಲ್ ಮೇಷ್ಟ್ರು. ಕಾಮಾಲೆಯಿಂದ ತೀರಿಕೊಂಡರು. ಆಮೇಲೆ ಎರಡು ವರ್ಷದಿಂದ ಅಪ್ಪನ ಮನೆಯಲ್ಲಿದ್ದೆ. ಶಿಬಿರಕ್ಕೆ ಓದಿದವರೊಬ್ಬರು ಬೇಕೆಂದು ಯಾರೋ ಕೇಳಿದಾಗ ಅಪ್ಪ, "ಹೋಗಿ ಬಾರಮ್ಮ ಮೀನಾಕ್ಷಿ, ಹತ್ತು ದಿನ ತಾನೆ" ಎಂದರು. ಬೇಡ ಎನ್ನುವುದಕ್ಕೂ ಒಂದಷ್ಟು ಮನಸ್ಸು ಬೇಕು. ಅದಿರಲಿಲ್ಲ. ಹೋದೆ.

ಶಿಬಿರದಲ್ಲಿ ಹದಿನಾರು ಜನ. ಕಣ್ಣು ಕಾಣದವರು, ಪೋಲಿಯೋದಿಂದ ಕಾಲು ಸೋತವರು, ಕಿವಿ ಕೇಳದವರು. ನಡೆಸುತ್ತಿದ್ದುದು ಅರಸೀಕೆರೆಯ ಒಂದು ಸಂಸ್ಥೆಯಾದರೂ ಸಾಕುತ್ತಿದ್ದುದು ಹಗರೆಯವರು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬಂದವರು ಅಳತೆ ಮುಗಿದ ಮೇಲೆ ಒಂದು ಲೋಟ ಹಾಲನ್ನು ಪಕ್ಕದ ಸಣ್ಣ ಕ್ಯಾನಿಗೆ ಸುರಿದು ಹೋಗುತ್ತಿದ್ದರು. ಅದು ಶಿಬಿರದ ಕ್ಯಾನು. ಡೈರಿ ಕಾರ್ಯದರ್ಶಿ ಷಡಕ್ಷರಪ್ಪನವರು ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಾವೇ ತರುತ್ತಿದ್ದರು. ರಾಗಿ ಹಿಟ್ಟು ದಿನಕ್ಕೊಂದು ಮನೆಯಿಂದ ಬರುತ್ತಿತ್ತು. ಅಡುಗೆ ಕಾಂತಮ್ಮನದು.

"ಇವತ್ತು ಯಾರ ಮನೆ ಹಿಟ್ಟು ಕಾಂತಮ್ಮ? ಗೋಡೆ ಗಾರೆ ನುಂಗ್ದಂಗಾಗ್ತೈತೆ" ಎನ್ನುತ್ತಿದ್ದರು ಬಾಣಾವರದ ಹನುಮಯ್ಯ. ನಲವತ್ತೈದು ವರ್ಷದವರು. ಹುಟ್ಟಿನಿಂದ ಕಣ್ಣಿಲ್ಲ.

"ಗಾರೆ ಅಂತೀರಾ, ಮೂರನೇ ಮುದ್ದೆ ಕೇಳ್ತೀರಾ. ಮೊದ್ಲು ಯಾವುದಾದ್ರೂ ಒಂದು ಬಿಡಿ" ಎನ್ನುತ್ತಿದ್ದಳು ಕಾಂತಮ್ಮ.

ಮೇಘಶ್ರೀ ಹಳೇಬೀಡಿನ ಪಕ್ಕದ ಹಳ್ಳಿಯವಳು. ಹತ್ತೊಂಬತ್ತು ವರ್ಷ. ಹುಟ್ಟಿದಾಗಿನಿಂದ ಕಿವಿ ಕೇಳದು, ಹಾಗಾಗಿ ಮಾತೂ ಇಲ್ಲ. ಶಾಲೆಯ ಮೆಟ್ಟಿಲು ಹತ್ತಿದ್ದು ಈ ಶಿಬಿರದಲ್ಲೇ ಮೊದಲು. ಊರಿನಲ್ಲಿ ಎಲ್ಲರೂ ಅವಳನ್ನು ಮೂಗಿ ಎಂದೇ ಕರೆಯುತ್ತಿದ್ದರಂತೆ. ಮೇಘಶ್ರೀ ಎಂಬ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಅದನ್ನು ಬರೆಯಲು ಮೂರು ದಿನದಲ್ಲಿ ಕಲಿತಳು. ಅದಕ್ಕಿಂತ ಬೇಗ ಅವಳು ನಮಗೆಲ್ಲ ಹೆಸರಿಟ್ಟಳು.

ನಮ್ಮ ಹೆಸರುಗಳು ಅವಳಿಗೆ ಕೇಳುವುದಿಲ್ಲವಲ್ಲ. ಒಬ್ಬೊಬ್ಬರ ಒಂದು ಅಭ್ಯಾಸ ಹಿಡಿದು ಕೈಯಲ್ಲಿ ಹೆಸರು ಮಾಡಿದ್ದಳು. ಷಡಕ್ಷರಪ್ಪನವರಿಗೆ ಒಂದು ಕಣ್ಣು ಮುಚ್ಚಿ, ಹಾಲು ಪರೀಕ್ಷಿಸುವ ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿಯುವುದು. ಕಾಂತಮ್ಮನಿಗೆ ಭುಜದಿಂದ ಮೂಗು ಒರೆಸಿಕೊಳ್ಳುವುದು. ಹನುಮಯ್ಯನವರಿಗೆ ಕತ್ತು ಓರೆ ಮಾಡಿ ಕಿವಿ ಎತ್ತುವುದು. ಅವರಿಗೆ ಕಾಣುವುದಿಲ್ಲ ಎಂದು, ಅವರ ಕೈಯನ್ನು ಅವರ ಕಿವಿಗೇ ಹಿಡಿಸಿ, ತಲೆಯನ್ನು ವಾಲಿಸಿ ತೋರಿಸಿದ್ದಳು.

"ಇದೇನವ್ವ, ನನ್ನ ಹೆಸ್ರು ಕೋಳಿ ಅಂತಲಾ?" ಎಂದು ಅವರು ಕೇಳಿದ್ದರು. ಅಂದಿನಿಂದ ಎಲ್ಲರ ಹೆಸರನ್ನೂ ಅವಳಿಂದ ಹೀಗೇ ಮುಟ್ಟಿಸಿಕೊಂಡು ಕಲಿಯುತ್ತಿದ್ದರು.

ಶಿಬಿರ ಮುಗಿದ ದಿನವೇ ಸಂಸ್ಥೆಯ ವ್ಯಾನು ಬರುವುದಿತ್ತು. ಅರಸೀಕೆರೆಯಲ್ಲಿ ಒಂದು ವರ್ಷ ಹೊಲಿಗೆ ಕಲಿಸುತ್ತಾರೆ, ಕಿವಿ ಕೇಳದವರಿಗೆ ಕೈಭಾಷೆಯನ್ನೂ ಕಲಿಸುತ್ತಾರೆ. ಹಾಸ್ಟೆಲ್ ಇದೆ. ಹೋಗುವವರ ಮನೆಯವರು ಅರ್ಜಿಗೆ ಒಪ್ಪಿಗೆ ಹಾಕಬೇಕು. ಮೇಘಶ್ರೀ ಹೋಗಬೇಕೆಂದು ಕುಣಿಯುತ್ತಿದ್ದಳು. ಸಿಕ್ಕಿದವರಿಗೆಲ್ಲ ಕಾಲಲ್ಲಿ ಮಿಷನ್ ತುಳಿದು ತೋರಿಸುತ್ತಿದ್ದಳು. ಒಂಬತ್ತನೆಯ ದಿನ ಅವಳ ತಾಯಿ ರಂಗಮ್ಮ ಬಂದರು. ಅಪ್ಪ ತಿಮ್ಮಯ್ಯ ಹೊಲ ಬಿಟ್ಟು ಬರಲಾಗದೆ, "ನೀನು ಹೆಂಗೆ ಹೇಳ್ತೀಯೋ ಹಂಗೆ" ಎಂದು ಹೆಂಡತಿಗೇ ಬಿಟ್ಟಿದ್ದರಂತೆ.

ಮಧ್ಯಾಹ್ನ ಜಗಲಿಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ರಂಗಮ್ಮನಿಗೆ ತೋರಿಸಲೆಂದು ಷಡಕ್ಷರಪ್ಪನವರು ಮೇಘಶ್ರೀಯಿಂದ ಹೆಸರುಗಳನ್ನು ಹೇಳಿಸುತ್ತಿದ್ದರು. ಅವರು ಒಬ್ಬೊಬ್ಬರತ್ತ ಬೆರಳು ಮಾಡುವುದು, ಅವಳು ಹೆಸರು ಮಾಡುವುದು, ಜಗಲಿ ನಗುವುದು. ರಂಗಮ್ಮನೂ ನಗುತ್ತಿದ್ದರು. "ನಮ್ಮನೇಲೂ ಹಿಂಗೇಯ. ಇವ್ಳ ಕೈಮಾತು ನಂಗೊಬ್ಳಿಗೇ ತಿಳಿಯೋದು. ಇವ್ರಪ್ಪಂಗೂ ನಾನೇ ಹೇಳ್ಬೇಕು" ಎಂದು ಹೆಮ್ಮೆಯಿಂದ ಹೇಳಿದರು.

"ಮೇಡಮ್ಮೋರ ಹೆಸ್ರು?" ಎಂದು ಷಡಕ್ಷರಪ್ಪನವರು ನನ್ನತ್ತ ಬೆರಳು ಮಾಡಿದರು.

ಮೇಘಶ್ರೀ ಉಂಗುರ ಬೆರಳನ್ನು ಎರಡು ಹುಬ್ಬಿನ ನಡುವೆ ಇಟ್ಟು ತೆಗೆದಳು.

ನಗು ನಿಂತಿತು. ನಮ್ಮ ಕಡೆ ಕೈಸನ್ನೆಯಲ್ಲಿ ಹಣೆ ಮುಟ್ಟಿ ಬೆರಳು ಎಳೆದರೆ ಅದಕ್ಕೆ ಒಂದೇ ಅರ್ಥ. ಕುಂಕುಮ ಅಳಿಸಿದವಳು. ರಂಗಮ್ಮ ಎಡಗೈಯಿಂದ ಮಗಳ ಕೈಯ ಮೇಲೆ ಫಟ್ಟನೆ ಹೊಡೆದರು.

"ಏನೇ ಮುಂಡೇದೇ, ಯಾರಿಗೆ ಏನಂತೀಯೇ!"

ಅಂದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು.

"ಏನಾಯ್ತು? ಯಾಕ್ರೀ ಎಲ್ಲಾ ಸುಮ್ಕಾದ್ರಿ?" ಎಂದು ಹನುಮಯ್ಯ ಕೇಳಿದರು.

ನಾನು ಪರವಾಗಿಲ್ಲ ಎಂದೆ. ಸುಳ್ಳು ಹೇಳಲಿಲ್ಲ. ಆಗ ಯಾವುದೂ ನನ್ನನ್ನು ಅಷ್ಟಾಗಿ ಮುಟ್ಟುತ್ತಿರಲಿಲ್ಲ. ಅವಳು ಇದ್ದದ್ದನ್ನು ಹೇಳಿದ್ದಾಳೆ ಎಂದುಕೊಂಡು ಸಾರು ಕಲಸಿದೆ. ಮೇಘಶ್ರೀ ಕೈ ಹಿಡಿದುಕೊಂಡು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ತಪ್ಪೇನು ಎಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಊಟ ಬಿಟ್ಟು ಎದ್ದಳು.

ಸಂಜೆ ರಂಗಮ್ಮ ನನ್ನ ಹತ್ತಿರ ಬಂದು ಕೈ ಮುಗಿದರು. "ತಪ್ಪಾಯ್ತು ತಾಯಿ, ಮನ್ಸಿಗೆ ಹಚ್ಕೋಬ್ಯಾಡಿ. ಇವ್ಳನ್ನ ಎಲ್ಗೂ ಕಳ್ಸಾಕಿಲ್ಲ. ಇಲ್ಲೇ ನಿಮ್ಮಂತೋರ್ಗೆ ಹಿಂಗಂದ್ಲು. ನಾನಿದ್ದೆ, ಸರಿಹೋಯ್ತು. ಅಲ್ಲಿ ಅರಸೀಕೆರೇಲಿ ಯಾರ್ಗಾದ್ರೂ ಅಂದು ಒದೆ ತಿಂದ್ರೆ, ಯಾಕೆ ಒದ್ರು ಅಂತ ಕೇಳಾಕೂ ಬಾಯಿಲ್ಲ."

ನಾನು ಒಂದು ಮಾತು ಹೇಳಬಹುದಿತ್ತು. ಬಸ್ಸಿನ ಹೊತ್ತಾಗಿತ್ತು. ಹೊರಟೆ.

ಕೊನೆಯ ದಿನ ಬೆಳಿಗ್ಗೆ ಅರ್ಜಿಗಳ ಕೆಲಸ. ಐದು ಜನ ಹೋಗುವವರಿದ್ದರು. ಮೇಘಶ್ರೀಯ ಅರ್ಜಿಯನ್ನೂ ನಾನು ತುಂಬಿಟ್ಟಿದ್ದೆ. ಯಾಕೆಂದು ಗೊತ್ತಿಲ್ಲ. ಅದರ ಕೆಳಗೆ ಅವಳು ತನ್ನ ಹೆಸರನ್ನು ದೊಡ್ಡದಾಗಿ, 'ಶ್ರೀ'ಯ ದೀರ್ಘವನ್ನು ಬಾಲದಂತೆ ಎಳೆದು ಬರೆದಿದ್ದಳು. ತಾಯಿಯ ಒಪ್ಪಿಗೆಯ ಜಾಗ ಖಾಲಿ.

ಒಪ್ಪಿಗೆ ಹಾಕಲು ಬಂದ ಮನೆಯವರಲ್ಲಿ ಹೆಚ್ಚಿನವರು ಹೆಬ್ಬೆಟ್ಟಿನವರು. ಒಬ್ಬೊಬ್ಬರ ಹೆಬ್ಬೆರಳನ್ನು ಹಿಡಿದು ಸ್ಟಾಂಪ್ ಪ್ಯಾಡಿನ ಮೇಲೆ ಹೊರಳಿಸಿ, ಕಾಗದದ ಮೇಲೆ ಒತ್ತಿಸಿದೆ. ನನ್ನ ಬೆರಳುಗಳೆಲ್ಲ ನೇರಳೆ ಬಣ್ಣವಾದವು. ಸೆಕೆ ಬಹಳ ಇತ್ತು.

ಹನುಮಯ್ಯ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಹಿಂದಿನ ದಿನದ ವಿಷಯ ಅಷ್ಟು ಹೊತ್ತಿಗೆ ಅವರ ಕಿವಿಗೂ ಬಿದ್ದಿತ್ತು.

"ಮೇಡಂ, ಒಂದ್ಮಾತು. ಆ ಹುಡುಗಿ ನಿಮ್ ಹೆಸ್ರನ್ನ ನಂಗೆ ನಾಕು ದಿನದ್ ಹಿಂದೇನೇ ಹೇಳ್ಕೊಟ್ಟಿತ್ತು. ನನ್ ಹಣೆ ಮ್ಯಾಲೇ."

"ಹೂಂ."

"ಒರ್ಸ್ಲಿಲ್ಲ ಕಣ್ರೀ. ಒತ್ತಿದ್ಲು. ಕಾಲಿಂಗ್ ಬೆಲ್ ಒತ್ತಲ್ವಾ, ಹಂಗೆ. ಎರಡು ಸಲ. ಕಣ್ಣಿರೋರು ನೀವೆಲ್ಲ ಏನ್ ನೋಡಿದ್ರೋ ನಂಗೊತ್ತಿಲ್ಲ."

ನನಗೂ ಗೊತ್ತಾಗಲಿಲ್ಲ. ಮುಂದಿನ ಅರ್ಜಿ ತೆಗೆದುಕೊಂಡೆ.

ಸ್ವಲ್ಪ ಹೊತ್ತಿಗೆ ಕಾಂತಮ್ಮ ಕಾಫಿ ತಂದಳು. ಲೋಟ ಇಡಲು ಬಗ್ಗಿದವಳು ಹಾಗೇ ನಿಂತಳು.

"ಮೇಡಂ... ನಿಮ್ ಹಣೆ."

"ಏನು?"

"ಬೊಟ್ಟು."

ಎದ್ದು ಹೋಗಿ, ಕಿಟಕಿಯ ಪಕ್ಕ ಯಾರೋ ಮೊಳೆಗೆ ತೂಗುಹಾಕಿದ್ದ ಸಣ್ಣ ಕನ್ನಡಿಯಲ್ಲಿ ನೋಡಿಕೊಂಡೆ. ಹುಬ್ಬುಗಳ ನಡುವೆ ದುಂಡಗೆ ನೇರಳೆ ಗುರುತು. ಒಂದಲ್ಲ, ಒಂದರ ಮೇಲೊಂದು ನಾಲ್ಕೈದು. ನಾನು ಇಟ್ಟುಕೊಂಡದ್ದು ನನಗೆ ನೆನಪೇ ಇಲ್ಲ.

ಆಮೇಲೆ ನೆನಪಾಯಿತು. ಇವತ್ತಿನದಲ್ಲ, ಹಿಂದಿನದು. ನಾನು ಸ್ಟಿಕ್ಕರ್ ಇಟ್ಟುಕೊಳ್ಳುತ್ತಿದ್ದೆ. ಬಾಣಾವರದ ಸೆಕೆಗೆ ಅದು ನಿಲ್ಲುತ್ತಿರಲಿಲ್ಲ. ಇದೆಯೋ ಬಿತ್ತೋ ಎಂದು ಆಗಾಗ ಬೆರಳಿಟ್ಟು ಒತ್ತಿ ನೋಡುವುದು ಅಭ್ಯಾಸವಾಗಿತ್ತು. ನಟರಾಜ್ ಅದನ್ನು ಆಡಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ನನ್ನ ಹಣೆಯನ್ನು ಯಾರೂ ಒರೆಸಿರಲಿಲ್ಲ. ಬುದ್ಧನ ಪಟದ ಮುಂದೆ ದೀಪ ಹಚ್ಚುವ ಮನೆ ನಮ್ಮದು. ಆ ಪದ್ಧತಿಗಳನ್ನು ಅಪ್ಪ ಬಾಗಿಲಿನಿಂದಾಚೆಯೇ ಇಟ್ಟಿದ್ದರು. "ಇಟ್ಕೋಮ್ಮ" ಎಂದೂ ಹೇಳಿದ್ದರು. ಒಂದು ದಿನ ಮರೆತೆ. ಮರುದಿನವೂ ಮರೆತೆ. ಬಾಣಾವರದ ಮನೆ ಖಾಲಿ ಮಾಡಿದಾಗ ಕನ್ನಡಿಗೆ ಅಂಟಿಸಿದ್ದ ಮೂರು ಸ್ಟಿಕ್ಕರ್ ಅಲ್ಲೇ ಉಳಿದವು.

ಬೆರಳು ಮಾತ್ರ ಮರೆತಿರಲಿಲ್ಲ. ಎರಡು ವರ್ಷ ಅಪ್ಪನ ಮನೆಯಲ್ಲಿ ಯಾರ ಕಣ್ಣಿಗೂ ಬೀಳದ್ದು ಹತ್ತು ದಿನದಲ್ಲಿ ಮೇಘಶ್ರೀಯ ಕಣ್ಣಿಗೆ ಬಿದ್ದಿತ್ತು.

ಹಣೆ ತೊಳೆಯದೆ ಹೊರಗೆ ಹೋದೆ. ರಂಗಮ್ಮ ಬೇವಿನ ಮರದ ಕೆಳಗೆ ಮಗಳ ಬಟ್ಟೆ ಗಂಟು ಕಟ್ಟುತ್ತಿದ್ದರು. ಮೇಘಶ್ರೀ ಅಷ್ಟು ದೂರದಲ್ಲಿ ಕಟ್ಟೆಯ ಮೇಲೆ, ಬೆನ್ನು ತಿರುಗಿಸಿ ಕೂತಿದ್ದಳು.

"ರಂಗಮ್ಮ, ನನ್ನ ಹಣೆ ನೋಡಿ."

ನೋಡಿ ಕಣ್ಣು ತಗ್ಗಿಸಿದರು. "ಯಾರವ್ವ ಇಟ್ಟೋರು?"

"ನಾನೇ. ಗೊತ್ತಿಲ್ಲದೆ. ಬೊಟ್ಟು ಬಿದ್ದುಹೋಯ್ತಾ ಅಂತ ಒತ್ತಿ ನೋಡೋದು ನನಗೆ ಅಭ್ಯಾಸ. ಬೊಟ್ಟು ಇಲ್ಲದಿದ್ದರೂ ಒತ್ತುತ್ತೀನಿ. ಇವತ್ತು ಕೈಯಲ್ಲಿ ಶಾಯಿ ಇತ್ತು, ಅದಕ್ಕೆ ಕಾಣಿಸ್ತು. ನಿಮ್ಮ ಮಗಳು ನನ್ನನ್ನ ಗಂಡ ಸತ್ತವಳು ಅಂತ ಕರೀಲಿಲ್ಲ. ಹೀಗೆ ಒತ್ತುವವಳು ಅಂತ ಕರೆದಳು. ಅಷ್ಟೇ."

ಇಷ್ಟು ಮಾತನ್ನು ಒಟ್ಟಿಗೆ ಆಡಿ ಬಹಳ ದಿನವಾಗಿತ್ತು. ನಿಂತೇ ಇದ್ದೆ.

ರಂಗಮ್ಮ ತಮ್ಮ ಹಣೆಯ ಮೇಲೆ, ಕುಂಕುಮಕ್ಕೆ ತಾಗದಂತೆ, ಗಾಳಿಯಲ್ಲಿ ಬೆರಳನ್ನು ಅಡ್ಡ ಎಳೆದರು. "ಇದು ಅದು." ಆಮೇಲೆ ಬೆರಳನ್ನು ನೆಟ್ಟಗೆ ಹಿಡಿದು ಒತ್ತಿದಂತೆ ಮಾಡಿದರು. "ಇದು ಬ್ಯಾರೆ." ಮತ್ತೆ ಎರಡನ್ನೂ ಮಾಡಿ ನೋಡಿದರು.

"ಹತ್ತೊಂಬತ್ ವರ್ಸ ನಾನೇ ಇವ್ಳ ಬಾಯಿ ಆಗಿದ್ದೆ. ನಂಗೇ ತಪ್ಪೋಯ್ತಲ್ಲವ್ವ."

ನನ್ನ ಹಿಂದೆಯೇ ಕೋಲು ಊರಿಕೊಂಡು ಬಂದಿದ್ದ ಹನುಮಯ್ಯ, "ಮಗಳು ಕೈಲಿ ಅನ್ನದೇ ಇದ್ದಿದ್ದನ್ನ ನೀವು ಬಾಯಲ್ಲೇ ಅಂದ್ರಲ್ಲ ರಂಗಮ್ಮ" ಎಂದರು.

"ನೀವೊಬ್ರು ಬಾಕಿ ಇದ್ರಿ" ಎಂದರು ರಂಗಮ್ಮ. ಆದರೆ ಮುಖ ಸಡಿಲವಾಯಿತು. ಗಂಟಿನ ಮೇಲೆ ಕೈಯಿಟ್ಟು ಕೂತರು. ಆಮೇಲೆ ಮೆಲ್ಲಗೆ, "ಒಂದ್ವರ್ಸ ಅಲ್ಲಿದ್ದು ಬ್ಯಾರೆ ಕೈಮಾತು ಕಲ್ತು ಬತ್ತಾಳೆ. ಆಗ ನಂಗೆ ಏನೂ ತಿಳೀದೇ ಹೋದ್ರೆ? ಈಗ್ಲೇ ತಿಳೀಲಿಲ್ಲ" ಎಂದರು.

ಅವರು ಕಳಿಸಲು ಹೆದರುತ್ತಿದ್ದುದು ಇದಕ್ಕೇ. ನಿನ್ನೆಯ ಸನ್ನೆಗಲ್ಲ. ಎಂ.ಎ.ಯಲ್ಲಿ ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ.

"ನೀವೂ ಕಲೀಬೇಕಾಗುತ್ತೆ" ಎಂದೆ.

"ಈ ವಯಸ್ನಲ್ಲಾ?"

"ನಾನು ಕಣ್ಣಿಲ್ದೆ ಎಂಟು ಹೆಸ್ರು ಕಲ್ತೀನಿ. ನಿಮ್ಗೇನ್ರೀ, ಎರಡೆರಡು ಕಣ್ಣವೆ" ಎಂದರು ಹನುಮಯ್ಯ.

ರಂಗಮ್ಮ ಎದ್ದು ಕಟ್ಟೆಯ ಹತ್ತಿರ ಹೋಗಿ ನೆಲಕ್ಕೆ ಎರಡು ಸಲ ಕಾಲು ಕುಟ್ಟಿದರು. ಅವರು ಮಗಳನ್ನು ಕರೆಯುವುದೇ ಹಾಗೆ. ಅದುರಿದ್ದು ತಿಳಿದು ಮೇಘಶ್ರೀ ತಿರುಗಿದಳು. ರಂಗಮ್ಮ ಹುಬ್ಬಿನ ನಡುವೆ ಬೆರಳು ಒತ್ತಿ, ನನ್ನತ್ತ ತೋರಿಸಿ, ಇದೇ ತಾನೆ ಎಂಬಂತೆ ಮುಖ ಮಾಡಿದರು. ಅವಳು ನನ್ನ ಹಣೆ ನೋಡಿದಳು. ಅಲ್ಲಿಯ ಗುರುತು ನೋಡಿ ಎದ್ದು ನಿಂತಳು. ಜೋರಾಗಿ ತಲೆಯಾಡಿಸಿದಳು, ಒಂದಲ್ಲ ಹತ್ತು ಸಲ.

ಆಮೇಲೆ ರಂಗಮ್ಮ ತಮ್ಮ ಎದೆ ಮುಟ್ಟಿ, ನಾನು, ಎಂದು ಕೇಳಿದರು. ನನಗೇನು ಹೆಸರು?

ಮೇಘಶ್ರೀ ಸ್ವಲ್ಪ ಯೋಚಿಸಿದಳು. ತಾಯಿಯ ಮುಖವನ್ನು ಒಮ್ಮೆ ಅಳೆದಳು. ತನ್ನ ಎಡಗೈಯಿಂದ ಬಲಗೈಯ ಮೇಲೆ ಫಟ್ಟನೆ ಹೊಡೆದುಕೊಂಡಳು.

ಜಗಲಿಯಲ್ಲಿ ನಿಂತು ನೋಡುತ್ತಿದ್ದ ಕಾಂತಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ಏನಂದ್ಲು, ಏನಂದ್ಲು?" ಎಂದು ಹನುಮಯ್ಯ ಕೇಳಿದರು. ರಂಗಮ್ಮನೇ ಅವರ ಕೈ ಮೇಲೆ ಒಂದು ಪೆಟ್ಟು ಕೊಟ್ಟು, "ಇದು ನಾನಂತೆ" ಎಂದರು. ನಗುತ್ತಲೇ ಹೇಳಿದರು. ಆಮೇಲೆ ಸ್ವಲ್ಪ ಹೊತ್ತು ನಗಲಿಲ್ಲ.

ಅರ್ಜಿಯನ್ನು ನಾನು ಬೆಂಚಿನ ಮೇಲೆ ಇಟ್ಟೆ. ಅವರ ಹೆಬ್ಬೆರಳನ್ನು ಹಿಡಿಯಲು ಹೋದರೆ, "ನಂಗೊತ್ತೈತೆ ಬುಡಿ, ಡೈರೀಲಿ ಒತ್ತಿ ಒತ್ತಿ ಅಭ್ಯಾಸ" ಎಂದರು. ತಾವೇ ಒತ್ತಿದರು. ಗುರುತು ಚೆನ್ನಾಗಿ ಬಿತ್ತು, ಒಂದೊಂದು ಗೆರೆಯೂ. ಕೈ ಒರೆಸಲು ನಾನು ಕೊಟ್ಟ ಬಟ್ಟೆಯನ್ನು ಒರೆಸಿಕೊಳ್ಳದೆಯೇ ಹಿಂದಕ್ಕೆ ಕೊಟ್ಟರು.

ಮೂರು ಗಂಟೆಗೆ ವ್ಯಾನು ಬಂತು. ರಂಗಮ್ಮ ಕಟ್ಟಿದ್ದ ಗಂಟು ಊರಿಗೆ ಹೋಗುವ ಬದಲು ಅದಕ್ಕೇ ಹತ್ತಿತು. ಷಡಕ್ಷರಪ್ಪನವರು ಬೆಣ್ಣೆಯ ಡಬ್ಬಿಯೊಂದನ್ನು ಒಳಗಿಟ್ಟರು. "ಅಮಾಸೆ ಕಳೀಲಿ, ಬತ್ತೀನಿ" ಎಂದು ರಂಗಮ್ಮ ಡ್ರೈವರಿಗೆ ಮೂರು ಸಲ ಹೇಳಿದರು. ಅವನೂ ಮೂರು ಸಲ ಹೂಂ ಎಂದ. ಮಗಳು ಕಿಟಕಿಯ ಪಕ್ಕ ಕೂತಳು.

ವ್ಯಾನು ರಸ್ತೆಗೆ ತಿರುಗಿದ ಮೇಲೆ ರಂಗಮ್ಮ ಡಾಂಬರಿನ ಮೇಲೆ ಎರಡು ಸಲ ಕಾಲು ಕುಟ್ಟಿದರು.

ಅಷ್ಟು ದೂರಕ್ಕೆ ಅದು ಮುಟ್ಟುವುದಿಲ್ಲ. ಆದರೆ ಮೇಘಶ್ರೀ ಆಗಲೇ ಈ ಕಡೆ ನೋಡುತ್ತಿದ್ದಳು. ಕಿಟಕಿಯಿಂದ ಎರಡೂ ಕೈ ಹೊರಗೆ ಹಾಕಿ ತಾಯಿಯ ಹೆಸರನ್ನು ಹೊಡೆದಳು. ಆಮೇಲೆ ಹಣೆ ಒತ್ತಿ ನನ್ನನ್ನೂ ಕರೆದಳು. ನಾನು ಕೈ ಎತ್ತಿದೆ.