ಒಡಕು ದನಿಯ ಪಲ್ಲವಿ

ತಂಗಿಗೆ ಗುಂಡುಸೂಜಿ ಅಂತ ಹೆಸರಿಟ್ಟವಳು ಅಕ್ಕನೇ. ಆಳು ಸಣ್ಣಗಿದ್ದಳು, ಎಲ್ಲಿ ಮುಟ್ಟಿದರೂ ಚುಚ್ಚುತ್ತಿದ್ದಳು. ಅಮ್ಮ ತೀರಿಕೊಂಡಾಗ ತಂಗಿಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟು ಗಿಡ್ಡ ಮಾಡುತ್ತಾ, ಜಿಪ್ಪು ಬದಲಿಸುತ್ತಾ ಅಕ್ಕ ಅವಳನ್ನು ಸಾಕಿದಳು. ಶಾಲೆ ಬಿಟ್ಟ ಮೇಲೆ ತಂಗಿ ಅಲ್ಲೇ ನೆಲದ ಮೇಲೆ ಕೂತು, ಹೊಲಿಗೆ ಯಂತ್ರದ ಟಕಟಕಕ್ಕೆ ಮಾತು ಪೋಣಿಸುತ್ತಿದ್ದಳು. ಅಕ್ಕ ಕೆಲಸ ಮಾಡುತ್ತಲೇ ಮೇಲೊಂದು ರಾಗ ಎಳೆಯುತ್ತಿದ್ದಳು. ಇಪ್ಪತ್ತಾರಕ್ಕೆ ಗುಂಡುಸೂಜಿ ಊರೆಲ್ಲ ಗೊತ್ತಿರುವ ರ್ಯಾಪರ್ ಆದಾಗಲೂ ಸಂಸಾರ ನಡೆದದ್ದು ಹಾಗೇ: ಬೈಗುಳ ಇವಳದು, ಪಲ್ಲವಿ ಅಕ್ಕನದು.

ಮೊದಲ ಆಲ್ಬಮ್‌ಗೆ ಹಾಡಿನ ಕಂಪನಿಯವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಹತ್ತು ಹಾಡಿನಲ್ಲಿ ಅರ್ಧವಾದರೂ ಬಸ್ಸಿನಲ್ಲಿ ಹೋಗುವವರು ಗುನುಗುವಂತಿರಬೇಕು.

"ಖಾರ ಇರಲಿ, ಬೇಡ ಅನ್ನಲ್ಲ. ಆದ್ರೆ ಬಾಯಿ ಸುಟ್ಕೊಂಡೋರು ಮತ್ತೆ ಬರಲ್ಲಮ್ಮ," ಅಂದ ದಪ್ಪಣ್ಣ. ರೆಕಾರ್ಡಿಂಗ್ ಸ್ಟುಡಿಯೋ ಅವನದು. ಹೆಸರಿಗೆ ದಪ್ಪಣ್ಣ, ಆಸಾಮಿ ಕಡ್ಡಿಯಂತಿದ್ದ.

"ಹಾಗಾದ್ರೆ ಸಕ್ಕರೆ ಪಾಕ ಮಾಡಿ ಮಾರಿ, ನಾನ್ಯಾಕೆ?" ಅಂತ ಗುಂಡುಸೂಜಿ ಸಿಡುಕಿದಳು.

ಮೂರು ವಾರ ಏನೂ ಕೂಡಿ ಬರಲಿಲ್ಲ. 'ಬಾಯ್ಮುಚ್ಚು ಅಂದ್ರು, ಬಾಯ್ತುಂಬ ಮೊಳೆ ಇಟ್ಕೊಂಡೆ. ಒಂದೊಂದೇ ಹೊಡೀತೀನಿ, ಗೋಡೆ ನಿಮ್ಮದೇ' ಅಂತ ಅವಳು ಗುಡುಗಿ ನಿಲ್ಲಿಸಿದ ಕಡೆ ಅಕ್ಕನ ಜೇನಿನಂಥ ದನಿ ಬಂದರೆ, ಎರಡು ಬೇರೆ ಬೇರೆ ಮನೆಯ ಸದ್ದು ಒಂದೇ ಗೋಡೆಯಾಚೆ ಕೇಳಿದಂತಾಗುತ್ತಿತ್ತು. ದಪ್ಪಣ್ಣ ತಲೆ ಕೆರೆದುಕೊಂಡ. ಕಂಪನಿಯವರು ಮುಖ ಸಿಂಡರಿಸಿದರು.

ಆಮೇಲೊಂದು ಮಧ್ಯಾಹ್ನ ಅಕ್ಕ ಶೀತ ಅಂತ ಗಂಟಲು ಕಟ್ಟಿಕೊಂಡು ಬಂದಳು. "ಇವತ್ತು ಬೇಡ ಕಣೇ, ದನಿ ಒಡೀತಿದೆ," ಅಂದಳು. ಬಂದದ್ದು ಬಂದಾಗಿದೆ, ಒಂದು ಸಲ ಹಾಡಿ ನೋಡು ಅಂತ ತಂಗಿಯೇ ಒತ್ತಾಯ ಮಾಡಿದಳು. ಅಕ್ಕ ಮೈಕಿನ ಮುಂದೆ ನಿಂತು ಹಾಡಿದಳು: 'ಕಿಟಕಿ ತೆರೆದಿಟ್ಟು ಮಲಗು, ಗಾಳಿಗೂ ಒಂದು ಮನೆ ಬೇಕು.' ಮೇಲಿನ ಸ್ವರದಲ್ಲಿ ದನಿ ಸೀಳಿತು, ಒಳಗಿನಿಂದ ಏನೋ ಒರಟಾದದ್ದು ಇಣುಕಿ ಹೋಯಿತು. ಗಾಜಿನ ಈಚೆ ದಪ್ಪಣ್ಣ ಕುರ್ಚಿಯಿಂದ ಎದ್ದುಬಿಟ್ಟ.

"ಇದೇ! ಇಷ್ಟು ದಿನ ಹುಡುಕ್ತಿದ್ದದ್ದು ಇದನ್ನೇ! ಸಿಹಿನೂ ಇದೆ, ಕಸುವೂ ಇದೆ."

ಗುಂಡುಸೂಜಿ ಅಕ್ಕನನ್ನು ತಬ್ಬಿ ಕುಣಿದಳು. ಹತ್ತೂ ಹಾಡಿಗೆ ಬೆನ್ನೆಲುಬು ಸಿಕ್ಕಿತ್ತು.

ಶೀತ ಹೋಯಿತು, ಒಡಕು ಹೋಗಲಿಲ್ಲ. ಎರಡು ತಿಂಗಳಾದರೂ ಅಕ್ಕ ನುಂಗುವಾಗ ಕತ್ತು ಹಿಡಿದುಕೊಳ್ಳುತ್ತಿದ್ದಳು.

"ಯಾವುದಕ್ಕೂ ಡಾಕ್ಟರ್‌ಗೆ ತೋರಿಸ್ಲಾ ಅಂತ," ಅಂದಳು ಒಂದು ಬೆಳಗ್ಗೆ, ದಾರ ಹಲ್ಲಿನಲ್ಲಿ ಕಡಿಯುತ್ತಾ.

"ತೋರಿಸೋಣ ಅಕ್ಕ. ಇನ್ನೆರಡು ಹಾಡು ಮುಗೀಲಿ. ಅವರು ಔಷಧಿ ಕೊಟ್ಟು ದನಿ ಮತ್ತೆ ನುಣ್ಣಗಾದ್ರೆ ನನ್ನ ಕಥೆ ಮುಗೀತು!" ಗುಂಡುಸೂಜಿ ನಕ್ಕಳು. ಅಕ್ಕನೂ ನಕ್ಕಳು. ಆ ಎರಡು ಹಾಡಿಗೆ ಇನ್ನೂ ಏಳು ವಾರ ಹಿಡಿಯಿತು.

ಡಾಕ್ಟರಮ್ಮ ವಯಸ್ಸಾದವರು, ಮಾತು ಸುತ್ತಿಬಳಸಲಿಲ್ಲ. ಗಂಟಲಿನ ದನಿಪೆಟ್ಟಿಗೆಯಲ್ಲಿ ಗಡ್ಡೆ ಬೆಳೆದಿದೆ, ಕೆಟ್ಟ ಗಡ್ಡೆ. ಜೀವ ಉಳಿಯಬೇಕಾದರೆ ಪೆಟ್ಟಿಗೆಯನ್ನೇ ತೆಗೆಯಬೇಕು.

"ಮೊದಲೇ ಬಂದಿದ್ರೆ?" ಅಂತ ತಂಗಿ ಕೇಳಿದಳು. ಕೇಳಬಾರದಿತ್ತು.

"ಒಂದೆರಡು ತಿಂಗಳು ಮುಂಚೆ ಆಗಿದ್ರೆ ದನಿ ಉಳಿಸೋಕೆ ನೋಡಬಹುದಿತ್ತು," ಅಂದರು ಅವರು. ಅಕ್ಕ ಕಾಲಿನ ಬೆರಳು ನೋಡುತ್ತಾ ಕೂತಿದ್ದಳು. ಆಚೆ ಬಂದ ಮೇಲೆ, "ನಾನೇ ಸೋಮಾರಿತನ ಮಾಡಿದೆ, ನೀನು ತಲೆ ಕೆಡಿಸ್ಕೋಬೇಡ," ಅಂತ ಆ ಒಡಕು ದನಿಯಲ್ಲೇ ಅಂದಳು. ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು.

ಆಪರೇಷನ್ ಆಯಿತು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು ಉಳಿಯಿತು. ಅಕ್ಕ ಅದರ ಮೇಲೆ ತೆಳು ಹತ್ತಿ ಬಟ್ಟೆ ಕಟ್ಟಿಕೊಂಡು ಮತ್ತೆ ಯಂತ್ರದ ಮುಂದೆ ಕೂತಳು. ಹೇಳಬೇಕಾದ್ದನ್ನು ಗುರುತು ಹಾಕುವ ಸೀಮೆಸುಣ್ಣದಿಂದ ಕತ್ತರಿಸಿದ ಬಟ್ಟೆ ಚೂರಿನ ಮೇಲೆ ಬರೆಯುತ್ತಿದ್ದಳು, ಬರೆದು ಒರೆಸುತ್ತಿದ್ದಳು.

ಆಲ್ಬಮ್ ಬಂತು. ಗೂಡಂಗಡಿಯಿಂದ ಜಿಮ್‌ವರೆಗೆ ಎಲ್ಲ ಕಡೆ ಅದೇ. ಮೊಳೆಯ ಸಾಲುಗಳನ್ನು ಕಾಲೇಜಿನವರು ಬಾಯಿಪಾಠ ಮಾಡಿದರು, ಕಿಟಕಿಯ ಸಾಲನ್ನು ಅವರ ತಾಯಂದಿರು ಗುನುಗಿದರು. ಅಂಗಡಿಯ ಮುಂದಿನ ಕೋಣೆಯಲ್ಲಿ ಹಾಡು ಹಾಕಿದಾಗೆಲ್ಲ ಅಕ್ಕ ಯಂತ್ರ ನಿಲ್ಲಿಸಿ ಕೇಳುತ್ತಿದ್ದಳಂತೆ. ಗುಂಡುಸೂಜಿ ಮಾತ್ರ ಮನೆಯಲ್ಲಿ ಅದನ್ನು ಹಾಕಲಿಲ್ಲ.

ರೇಡಿಯೋದವರು ಮಾತಾಡಿಸಲು ಕರೆದರು, ನೇರ ಪ್ರಸಾರ. ನಿರೂಪಕಿ ಹುರುಪಿನ ಹೆಂಗಸು.

"ಪಲ್ಲವಿಯ ದನಿ ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಆ ಒಡಕನ್ನ ಯಾವ ಯಂತ್ರದಲ್ಲಿ ತಂದ್ರಿ?"

ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಾಲ್ಕು ತಿಂಗಳಿಂದ ಎದೆಯಲ್ಲಿ ಹುದುಗಿದ್ದದ್ದು ಬಾಯಿಗೆ ಬಂದುಬಿಟ್ಟಿತು.

"ಯಂತ್ರ ಅಲ್ಲ. ನಮ್ಮಕ್ಕನ ಗಂಟಲಲ್ಲಿ ಗಡ್ಡೆ ಇತ್ತು. ನನಗೆ ಆ ಸದ್ದು ಚೆನ್ನಾಗಿದೆ ಅನ್ನಿಸ್ತು. ಡಾಕ್ಟರ್ ಹತ್ರ ಆಮೇಲೆ ಹೋಗು ಅಂದೆ."

ನಿರೂಪಕಿ ಗಾಜಿನಾಚೆಗೆ ಕೈ ಮಾಡಿದಳು. ಜಾಹೀರಾತು ಹಾಕಿದರು.

ಹೇಳಿದ ಮೇಲೆ ಹಗುರಾಗುತ್ತೆ ಅಂದುಕೊಂಡು ಗುಂಡುಸೂಜಿ ಸೀದಾ ಅಂಗಡಿಗೆ ಹೋದಳು. ಅಕ್ಕ ರೇಡಿಯೋ ಕೇಳಿದ್ದಳು. ತಂಗಿಯನ್ನು ಕಂಡದ್ದೇ, ಗಿರಾಕಿಯೊಬ್ಬರ ಕಪ್ಪು ಕೋಟಿನ ಒಳಮೈ ಮೇಲೆಯೇ ಸೀಮೆಸುಣ್ಣ ಒತ್ತಿ ಬರೆದಳು: 'ಯಾಕೆ ಹೇಳಿದೆ?'

"ನನ್ನ ಕೈಲಿ ಆಗ್ಲಿಲ್ಲ ಅಕ್ಕ. ತಪ್ಪು ನಂದು ಅಂತ ಎಲ್ಲರಿಗೂ ಗೊತ್ತಾಗ್ಲಿ ಅಂತ."

ಅಕ್ಕನ ಕತ್ತಿನ ಬಟ್ಟೆ ಉಬ್ಬಿ ಉಬ್ಬಿ ಇಳಿಯಿತು. ಮತ್ತೆ ಬರೆದಳು, ಈ ಸಲ ನಿಧಾನವಾಗಿ: 'ಇಷ್ಟು ದಿನ ಹಾಡು ಕೇಳ್ತಿದ್ರು. ಇನ್ಮೇಲೆ ರೋಗ ಕೇಳ್ತಾರೆ.'

ಅಕ್ಕನಿಂದ ಎರಡು ಸಲ ದನಿ ಕಿತ್ತುಕೊಂಡೆ ಅನ್ನುವುದು ಗುಂಡುಸೂಜಿಗೆ ಆಗ ತಿಳಿಯಿತು. ಕಾಲು ಹಿಡಿಯಲು ಬಗ್ಗಿದಳು. ಅಕ್ಕ ಕಾಲು ಹಿಂದೆಳೆದುಕೊಂಡು ಪೆಡಲ್ ಮೇಲಿಟ್ಟಳು, ಯಂತ್ರ ಓಡಿಸಿದಳು.

ಅಕ್ಕ ಬರೆದದ್ದೇ ಆಯಿತು. ಪತ್ರಿಕೆಯವರು ಮನೆ ಬಾಗಿಲಿಗೆ ಬಂದರು, ಕತ್ತಿನ ಬಟ್ಟೆಯ ಫೋಟೋ ಬೇಕು ಅಂದರು. ಬಸ್ಸಿನಲ್ಲಿ ಹಾಡು ಬಂದರೆ ಜನ ಗುನುಗುವುದು ಬಿಟ್ಟು ಅಯ್ಯೋ ಪಾಪ ಅನ್ನತೊಡಗಿದರು. ಬಟ್ಟೆ ಅಂಗಡಿಯವರು, ಅಕ್ಕನಿಗೆ ನೋವಾದೀತು ಅಂತ, ಆ ಹಾಡು ಹಾಕುವುದನ್ನೇ ನಿಲ್ಲಿಸಿದರು.

ಹನ್ನೊಂದು ದಿನ ಅಕ್ಕ ಒಂದಕ್ಷರ ಬರೆಯಲಿಲ್ಲ. ಒಂದೇ ಕೋಣೆ, ಎರಡು ಚಾಪೆ, ನಡುವೆ ಮಡಚಿದ ಬಟ್ಟೆಗಳ ರಾಶಿ. ತಂಗಿ ತಟ್ಟೆ ಇಟ್ಟರೆ ಉಣ್ಣುತ್ತಿದ್ದಳು, ತೊಳೆದಿಟ್ಟು ಮಲಗುತ್ತಿದ್ದಳು. ಹನ್ನೆರಡನೆಯ ಸಂಜೆ ಒಲೆಯ ಮುಂದಿನಿಂದ ಒಂದು ಬಟ್ಟೆ ಚೂರು ಅವಳತ್ತ ತಳ್ಳಿದಳು: 'ಉಪ್ಪು ಇಲ್ಲ. ತಗೊಂಡು ಬಾ.'

ಗುಂಡುಸೂಜಿ ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಮೆಟ್ಟಿಲಿಳಿದು ಓಡಿದಳು. ಮೂಲೆಯ ಅಂಗಡಿಯಲ್ಲಿ ಮುದುಕ ತರಕಾರಿ ಆರಿಸುತ್ತಾ ರೋಗದ ಸುದ್ದಿಯೇ ತಿಳಿಯದವನಂತೆ ಗುನುಗುತ್ತಿದ್ದ, 'ಗಾಳಿಗೂ ಒಂದು ಮನೆ ಬೇಕು.' ರಾಗ ತಪ್ಪಿತ್ತು, ಮೇಲಿನ ಸ್ವರ ಅವನಿಗೆ ಎಟುಕುತ್ತಿರಲಿಲ್ಲ. ಗುಂಡುಸೂಜಿ ಕಂಬ ಹಿಡಿದು ನಿಂತಳು. ಅವನು ಪೂರ್ತಿ ಮುಗಿಸಿ ತಲೆಯೆತ್ತುವ ತನಕ ಕಾದಳು.

"ಏನಮ್ಮ, ಅಳ್ತಿದೀಯಾ? ಏನು ಬೇಕು?"

"ಉಪ್ಪು," ಅಂದಳು.