ಪಕ್ಕದ ಟೀಚರ್ ಬೇಕೋ ಬೇಡವೋ

ನಾನು ಲಿಫ್ಟ್ ರಿಪೇರಿ ಮಾಡುವವನು. ಈ ಕೆಲಸದಲ್ಲಿ ತಲೆ ಕೆಡಿಸುವ ವಿಷಯ ಒಂದೇ. ನಾಲ್ಕು ದಿನದಿಂದ ಮಹಡಿಗಳ ನಡುವೆ ನಿಂತು ನಿಂತು ಜನರ ಜೀವ ತಿಂದ ಲಿಫ್ಟು, ನಾನು ಹೋಗಿ ನಿಂತ ತಕ್ಷಣ ಸೊಗಸಾಗಿ ಓಡುತ್ತದೆ. ಕಟ್ಟಡದವರು ನನ್ನ ಮುಖ ನೋಡುತ್ತಾರೆ, ನಾನು ಅವರ ಮುಖ ನೋಡುತ್ತೇನೆ. ಆಗ ಎಲ್ಲಿ ಸಡಿಲವಿರಬಹುದು ಅಂತ ಊಹಿಸಿ, ಬೇಕಂತಲೇ ಅಲ್ಲಾಡಿಸಿ, ದೋಷವನ್ನು ಕಣ್ಣೆದುರಿಗೆ ತರಿಸಬೇಕು. ಇಪ್ಪತ್ತು ವರ್ಷ ಇದನ್ನೇ ಮಾಡಿ ಕೈ ಪಳಗಿಬಿಟ್ಟಿದೆ. ಆ ಹಾಳು ಕೈಯೇ ನನ್ನನ್ನು ಕೆಡಿಸಿದ್ದು.

ನನ್ನ ಮಗಳಿಗೆ ಎಂಟು ವರ್ಷ, ಆಟಿಸಂ ಇದೆ. ಮನೆಯಲ್ಲಿ ಅವಳನ್ನು ಇನ್ಸ್‌ಪೆಕ್ಟರ್ ಅಂತೀವಿ. ಆರಕ್ಕೆ ಬರ್ತೀನಿ ಅಂದವನು ಆರೂ ಹತ್ತಕ್ಕೆ ಬಂದರೆ ಬಾಗಿಲಲ್ಲೇ ವಿಚಾರಣೆ. ಕಳೆದ ವರ್ಷದಿಂದ ಶಾಲೆಯಲ್ಲಿ ಅವಳ ಪಕ್ಕ ಕೂರಲು ಒಬ್ಬ ಸಹಾಯಕಿಯನ್ನು ಕೊಟ್ಟಿದ್ದಾರೆ. ಮಗಳ ಬಾಯಲ್ಲಿ ಆಕೆ ಪಕ್ಕದ ಟೀಚರ್. ಆಕೆ ಬರುವ ಮುಂಚೆ ವಾರಕ್ಕೆ ಮೂರು ಸಲ ಶಾಲೆಯಿಂದ ಫೋನು ಬರುತ್ತಿತ್ತು, ಬಂದು ಮಗುವನ್ನ ಕರಕೊಂಡು ಹೋಗಿ ಅಂತ. ಆರು ತಿಂಗಳಿಂದ ಒಂದು ಫೋನೂ ಇಲ್ಲ.

ಅದೇ ಈಗ ಕುತ್ತಿಗೆಗೆ ಬಂತು. ಫೋನು ಬರುತ್ತಿಲ್ಲವೆಂದರೆ ಸಹಾಯಕಿಯ ಅಗತ್ಯ ಇನ್ನೂ ಇದೆಯೇ ಅಂತ ಮೇಲಿನ ಕಚೇರಿಯಿಂದ ಪತ್ರ ಬಂತು. ಒಬ್ಬ ಮೇಡಂ ಬಂದು ಒಂದು ಗಂಟೆ ತರಗತಿಯಲ್ಲಿ ಕೂತು ನೋಡುತ್ತಾರೆ. ಮಗು ತಾನೇ ನಿಭಾಯಿಸಿದರೆ ಸಹಾಯಕಿ ಬೇರೆ ಶಾಲೆಗೆ. ಹೆಂಡತಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ, ರಜೆ ಸಿಗಲಿಲ್ಲ. "ನೀವೇ ಹೋಗಿ. ಆದ್ರೆ ಬಾಯಿ ಬಿಡಬೇಡಿ, ಕೋಪ ಮೂಗಿನ ತುದೀಲೇ ಇಟ್ಕೊಂಡಿರ್ತೀರ" ಅಂದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೇ ಚೆನ್ನಾಗಿತ್ತು.

ಹಿಂದಿನ ಸಾಲಿನಲ್ಲಿ ಮಕ್ಕಳ ಕುರ್ಚಿ ಕೊಟ್ಟರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಆ ಕಡೆ ಕಚೇರಿಯ ಮೇಡಂ, ಮಡಿಲಲ್ಲಿ ಹಾಳೆ. ಈ ಕಡೆ ಗೋಡೆಯ ಮೇಲೆ, ಕೈಗೆಟಕುವಷ್ಟು ಹತ್ತಿರ, ಮಗಳ ಕಾರ್ಡುಗಳ ಸಾಲು: ಗಣಿತ, ನೀರು, ಚಿತ್ರ, ಓದು. ಒಂದೊಂದು ಮುಗಿದಾಗಲೂ ಅವಳೇ ಎದ್ದು ಬಂದು ಆ ಕಾರ್ಡನ್ನು ತಿರುಗಿಸಿಡುತ್ತಾಳೆ. ಮುಂದೆ ಏನು ಅಂತ ಗೊತ್ತಿದ್ದರೆ ಅವಳು ಹಾಯಾಗಿರುತ್ತಾಳೆ.

ಅವತ್ತು ಎಷ್ಟು ಹಾಯಾಗಿದ್ದಳು ಅಂದರೆ ನನಗೇ ನಂಬಿಕೆ ಬರಲಿಲ್ಲ. ಲೆಕ್ಕ ಮಾಡಿದಳು, ಕೈ ಎತ್ತಿದಳು, ಉತ್ತರ ಹೇಳಿದಳು. ಪಕ್ಕದ ಟೀಚರ್ ಏನೂ ಮಾಡದವರ ಹಾಗೆ ಕೂತಿದ್ದರು. ಕಣ್ಣಿಟ್ಟು ನೋಡಿದವರಿಗೆ ಮಾತ್ರ ಗೊತ್ತಾಗೋದು, ಯಾರಾದರೂ ಕುರ್ಚಿ ಎಳೆಯುವ ಮೊದಲು ಆಕೆ ಮೇಜನ್ನು ಬೆರಳಲ್ಲಿ ಮೆಲ್ಲಗೆ ತಟ್ಟುತ್ತಾರೆ, "ಇನ್ನೆರಡು ನಿಮಿಷ" ಅಂತ ಪಿಸುಗುಡುತ್ತಾರೆ. ಮೇಡಂ ಹಾಳೆಯಲ್ಲಿ ಬರೆದದ್ದು ನನಗೆ ಕಂಡಿತು: ತಾನಾಗಿಯೇ ಮಾಡುತ್ತಾಳೆ.

ನನ್ನ ಎದೆ ಉಬ್ಬಿತು. ಮರುಕ್ಷಣ, ಹಾಗಾದರೆ ಸಹಾಯಕಿ ಹೋದ ಹಾಗೇ ಅಂತ ಹೊಳೆಯಿತು. ಒಂದೇ ಒಂದು ಎಡವಟ್ಟು ಮಾಡೇ ನನ್ನ ತಾಯಿ, ಅಂತ ಒಳಗೊಳಗೇ ಬೇಡಿಕೊಳ್ಳತೊಡಗಿದೆ. ಯಾವ ಅಪ್ಪ ಹೀಗೆ ಬೇಡಿಕೊಳ್ಳುತ್ತಾನೆ? ಇವಳಿಗೆ ನಿಜವಾಗಲೂ ಎಲ್ಲ ಬರುತ್ತದೋ, ಬರುವ ಹಾಗೆ ಕಾಣುತ್ತಿದೆಯೋ? ನಾನು ಹೆಮ್ಮೆ ಪಡಬೇಕೋ, ಹೆದರಬೇಕೋ? ನನಗೆ ತಲೆಬುಡ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಮೇಡಂ ಸಹಾಯಕಿಗೆ, "ಹತ್ತು ನಿಮಿಷ ನೀವು ಹೊರಗಿರಿ, ಒಬ್ಬಳೇ ಹೇಗಿರ್ತಾಳೆ ನೋಡೋಣ" ಅಂದರು. ಆಕೆ ಮಗಳಿಗೆ ಗೋಡೆ ಗಡಿಯಾರ ತೋರಿಸಿ, "ದೊಡ್ಡ ಮುಳ್ಳು ಆರಕ್ಕೆ ಬಂದಾಗ ಬರ್ತೀನಿ" ಅಂತ ಹೇಳಿ ಹೋದರು. ಆಗಲೂ ಇವಳು ಚೆನ್ನಾಗೇ ಇದ್ದಳು.

"ನೋಡಿ, ಎಷ್ಟು ಜಾಣೆ. ಇನ್ನು ಒಬ್ಬಳೇ ಇರೋದು ಕಲೀಲಿ" ಅಂದರು ಮೇಡಂ ನನ್ನ ಕಡೆ ಬಾಗಿ.

ಆ ಕಾರ್ಡು, ಆ ಗಡಿಯಾರ, ಆ ಎರಡು ನಿಮಿಷ ಎಲ್ಲವೂ ಆಕೆಯ ಕೆಲಸವೇ ಅಂತ ಹೇಳಬೇಕಿತ್ತು. ಮಕ್ಕಳೆಲ್ಲ ನೀರು ಕುಡಿಯಲು ಎದ್ದರು. ಮೇಡಂ ತಲೆ ತಗ್ಗಿಸಿ ಬರೆಯುತ್ತಿದ್ದರು. ನಾನು ಕೈ ಚಾಚಿ 'ಚಿತ್ರ' ಕಾರ್ಡನ್ನು ತೆಗೆದು ಜೇಬಿಗೆ ಹಾಕಿಕೊಂಡೆ, ಕೆಳಗಿನ ಡಬ್ಬಿಯಿಂದ 'ಆಟ' ಅನ್ನೋದನ್ನು ತೆಗೆದು ಆ ಜಾಗಕ್ಕೆ ಸಿಕ್ಕಿಸಿದೆ. ಯೋಚನೆ ಮಾಡಿ ಮಾಡಿದೆನೋ, ಕೈ ತಾನೇ ಮಾಡಿತೋ, ಈಗಲೂ ಗೊತ್ತಿಲ್ಲ.

ಮಗಳು ಬಂದು ನೀರಿನ ಕಾರ್ಡು ತಿರುಗಿಸಿದಳು. ಮುಂದಿನದನ್ನು ನೋಡಿದಳು.

"ಎಲ್ಲರೂ ಚಿತ್ರದ ಪುಸ್ತಕ ತೆಗೀರಿ" ಅಂದರು ತರಗತಿಯ ಟೀಚರ್.

"ಆಟ" ಅಂದಳು ಮಗಳು.

"ಇಲ್ಲ ಮರಿ, ಈಗ ಚಿತ್ರ."

"ಆಟ." ಕಾರ್ಡು ನೋಡಿದಳು, ಟೀಚರನ್ನು ನೋಡಿದಳು, ಮತ್ತೆ ಕಾರ್ಡು. ಮೂರನೆಯ ಸಲ ಮಾತು ಬರಲಿಲ್ಲ, ಕೂಗು ಬಂತು. ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ನುಗ್ಗಿ ಹಣೆಯನ್ನು ಮೇಜಿನ ಕಾಲಿಗೆ ಚಚ್ಚಿಕೊಳ್ಳತೊಡಗಿದಳು. ಸಹಾಯಕಿ ಓಡಿ ಬಂದು, ತನ್ನ ಶಾಲನ್ನು ಮಡಚಿ ಅವಳ ಹಣೆಗೂ ಮೇಜಿನ ಕಾಲಿಗೂ ನಡುವೆ ತೂರಿಸಿ, ಮುಟ್ಟದೆ, ಅಲ್ಲೇ ನೆಲದ ಮೇಲೆ ಮಲಗಿ ನೂರರಿಂದ ಹಿಂದಕ್ಕೆ ಎಣಿಸುತ್ತಾ ಹೋದರು. ಅವಳು ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು.

ಮೇಡಂ ಬರೆದದ್ದನ್ನೆಲ್ಲ ಹೊಡೆದು ಹಾಕಿದರು. "ನಂಗೆ ಗೊತ್ತಾಗ್ಲಿಲ್ಲ, ಕ್ಷಮಿಸಿ. ಸಹಾಯಕಿ ಇನ್ನೂ ಎರಡು ವರ್ಷ ಬೇಕು ಅಂತ ಬರೀತೀನಿ" ಅಂದರು. ತುಂಬಾ ಉಪಕಾರ ಆಯ್ತು ಮೇಡಂ, ಅಂದೆ. ಅದನ್ನು ಯಾವ ಬಾಯಲ್ಲಿ ಅಂದೆನೋ.

ಮನೆಗೆ ಬಂದ ಮೇಲೆ ಮಗಳು ಅಡುಗೆಮನೆಯ ಮೇಜಿಗೆ ಕೂತು ಬರೆಯತೊಡಗಿದಳು. ಹಣೆ ಊದಿಕೊಂಡಿತ್ತು. ಇಣುಕಿ ನೋಡಿದರೆ ಪುಟದ ತುಂಬ ಗಣಿತ, ನೀರು, ಚಿತ್ರ, ಓದು. ಗಣಿತ, ನೀರು, ಚಿತ್ರ, ಓದು.

"ಏನಮ್ಮ ಇದು?"

"ಬೆಳಿಗ್ಗೆ ನಾನು ಚಿತ್ರ ಅಂತ ಓದಿದ್ದೆ. ಆದ್ರೆ ಆಟ ಅಂತ ಇತ್ತು. ನನ್ನ ಕಣ್ಣು ತಪ್ಪು ಓದುತ್ತೆ. ಅದಕ್ಕೆ ಕಲೀತಿದೀನಿ."

"ನಿನ್ನ ಕಣ್ಣು ಸರಿಯಾಗೇ ಓದಿದೆ ಪುಟ್ಟಾ" ಅಂದೆ. "ಕಾರ್ಡ್ ಬದಲಾಯಿಸಿದ್ದು ನಾನು."

ಅವಳು ಬರೆಯುವುದನ್ನು ನಿಲ್ಲಿಸಿದಳು. "ಯಾಕೆ?"

"ಪಕ್ಕದ ಟೀಚರನ್ನ ಕಳಿಸಿಬಿಡ್ತಿದ್ರು. ನಿಂಗೆ ಅವರು ಬೇಕು ಅಂತ ಆ ಮೇಡಂಗೆ ಗೊತ್ತಾಗ್ಲಿ ಅಂತ."

"ಮೇಡಂ ನನ್ನ ಕೇಳ್ಲಿಲ್ಲ."

ನಿಜ. ಮೇಡಂ ಕೇಳಿರಲಿಲ್ಲ, ಶಾಲೆಯವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಮೇಡಂಗೆ ಹೇಳು" ಅಂದಳು. "ನಾನು ತಪ್ಪು ಓದಿಲ್ಲ ಅಂತ ಹೇಳು."

ಹೇಳಿದರೆ ಎರಡು ವರ್ಷವೂ ನೀರುಪಾಲು. ಹೇಳದಿದ್ದರೆ ಇವಳ ಕಣ್ಣಲ್ಲಿ ನಾನೇನಾಗುತ್ತೇನೆ? ನಾಳೆ ಹೇಳೋಣ ಅನ್ನಲು ಬಾಯಿ ತೆರೆದೆ. ಅವಳು ಕಾಯುತ್ತಾ ಕೂತಿದ್ದಳು. ಗಂಟೆ ನಾಲ್ಕು, ಕಚೇರಿ ಇನ್ನೂ ಮುಚ್ಚಿರಲಿಲ್ಲ. ಫೋನು ಹಚ್ಚಿ ಎಲ್ಲವನ್ನೂ ಒದರಿಬಿಟ್ಟೆ.

"ಸ್ವಂತ ಮಗಳಿಗೆ ಹೀಗೆ ಮಾಡಿದ್ರಾ?" ಅಂದರು ಮೇಡಂ. "ಹಾಗಾದ್ರೆ ನಾನು ನೋಡಿದ್ದಕ್ಕೆ ಏನು ಅರ್ಥ? ಆ ವರದಿ ಕಳಿಸೋಕಾಗಲ್ಲ."

"ನನ್ನನ್ನ ಏನು ಬೇಕಾದ್ರೂ ಅನ್ನಿ ಮೇಡಂ. ಅವಳನ್ನ ಒಂದು ಮಾತು ಕೇಳಿ" ಅಂದು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

"ಮಗೂ, ಬೆಳಿಗ್ಗೆ ಎಲ್ಲ ನೀನೇ ಮಾಡ್ತಿದ್ದೆ. ಪಕ್ಕದ ಟೀಚರ್ ಯಾಕೆ ಬೇಕು?"

ಅವಳು ಯೋಚಿಸಿದಳು. ಹೇಳಿಕೊಡಬೇಕು ಅಂತ ನನ್ನ ನಾಲಿಗೆ ತುರಿಸುತ್ತಿತ್ತು, ಕಚ್ಚಿ ಹಿಡಿದೆ.

"ಅವರು ಮೊದಲೇ ಹೇಳ್ತಾರೆ" ಅಂದಳು. "ಹೋಗೋದೂ ಹೇಳ್ತಾರೆ, ಬರೋದೂ ಹೇಳ್ತಾರೆ. ಬೇರೆ ಯಾರೂ ಮೊದಲೇ ಹೇಳಲ್ಲ. ಅಪ್ಪಾನೂ ಹೇಳ್ಲಿಲ್ಲ."

"ಇನ್ನೊಂದು ಸಲ ಹೇಳಮ್ಮ" ಅಂದರು ಮೇಡಂ, "ಬರ್ಕೋತೀನಿ."

ಅವಳು ಒಂದಕ್ಷರವೂ ಬಿಡದೆ, ನಿಧಾನವಾಗಿ, ಮತ್ತೆ ಹೇಳಿದಳು. ಕೊನೆಯ ಮಾತನ್ನೂ.